ಆಳುವ ಹಕ್ಕು ಎಲ್ಲಿಂದ ಬರುತ್ತದೆ?

1994ರಲ್ಲಿ ರಾಮನಗರದ ಮತದಾರರು ಎಚ್.ಡಿ. ದೇವೇಗೌಡರನ್ನು ಆರಿಸಿದ್ದು ವಿಧಾನಸಭೆಗೆ. 1996ರ ಜೂನ್ 1ರಂದು ಅವರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ಸಂಸತ್ತಿನ ಯಾವ ಸದನದಲ್ಲೂ ಅವರಿರಲಿಲ್ಲ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರ ಹೆಸರನ್ನು ಅವರದೇ ಪಕ್ಷ ಒಪ್ಪದಿದ್ದಾಗ ಸಂಯುಕ್ತ ರಂಗ ಮೈತ್ರಿಕೂಟದ ನಾಯಕರು ಕೂತು ಮಾಡಿದ ಆಯ್ಕೆ ಅದು. ಹಾಗಾದರೆ ದೇಶ ಆಳುವ ಹಕ್ಕು ಅವರಿಗೆ ಕೊಟ್ಟವರು ಯಾರು?

ತತ್ತ್ವಶಾಸ್ತ್ರದಲ್ಲಿ ಇದು ಅಧಿಕಾರದ ನ್ಯಾಯಸಮ್ಮತತೆಯ ಪ್ರಶ್ನೆ. ಆಳುವವರ ಮಾತನ್ನು ಜನ ಕೇಳುತ್ತಾರೆ ಎಂಬುದು ಬೇರೆ, ಕೇಳಲೇಬೇಕಾದ ಕಾರಣವಿದೆ ಎಂಬುದು ಬೇರೆ. ಪ್ರಾತಿನಿಧ್ಯದ ಬಗ್ಗೆ 1967ರಲ್ಲಿ ಬರೆದ ಹಾನಾ ಪಿಟ್ಕಿನ್ ಎರಡು ನೋಟಗಳನ್ನು ಬಿಡಿಸಿಟ್ಟರು. ಮೊದಲು ಅಧಿಕಾರ ವಹಿಸಿಕೊಟ್ಟವರಿರಬೇಕು ಎನ್ನುವುದು ಒಂದು, ಕೊನೆಗೆ ಲೆಕ್ಕ ಕೇಳುವವರಿರಬೇಕು ಎನ್ನುವುದು ಇನ್ನೊಂದು. ಎರಡೂ ಸಾಲವು, ನಡುವೆ ಪ್ರತಿನಿಧಿಗಳು ಜನರ ಪರವಾಗಿ ಏನು ಮಾಡಿದರು ಎಂಬುದನ್ನೂ ನೋಡಬೇಕು ಎಂಬುದು ಪಿಟ್ಕಿನ್ ಅವರ ವಾದ.

ನಮ್ಮ ಸಂವಿಧಾನ ಭಾರ ಹಾಕಿರುವುದು ಲೆಕ್ಕ ಕೇಳುವ ಕಡೆಗೆ. 75ನೇ ವಿಧಿಯಂತೆ ಸಂಸತ್ತಿನ ಹೊರಗಿನವರೂ ಆರು ತಿಂಗಳು ಮಂತ್ರಿಯಾಗಿರಬಹುದು, ಆದರೆ ಮಂತ್ರಿಮಂಡಲ ಲೋಕಸಭೆಗೆ ಉತ್ತರ ಕೊಡಬೇಕು. ಆರು ತಿಂಗಳ ಈ ಅವಕಾಶ ಪ್ರಧಾನಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1996ರ ನವೆಂಬರಿನಲ್ಲಿ ಗೌಡರ ಪ್ರಕರಣದಲ್ಲೇ ಹೇಳಿತು. ಅಷ್ಟರಲ್ಲಿ ಅವರು ರಾಜ್ಯಸಭೆ ಸೇರಿದ್ದರು. 1983ರಲ್ಲಿ ಶಾಸಕರಾಗದೆಯೇ ಕರ್ನಾಟಕದ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರು ಕನಕಪುರದ ಉಪಚುನಾವಣೆಯಲ್ಲಿ ಜನರೆದುರು ನಿಂತು ಗೆದ್ದರು. ಕಾನೂನಿಗೆ ಎರಡು ದಾರಿಯೂ ಸಮ. ನನಗೆ ಕನಕಪುರದ ದಾರಿಯೇ ಮೇಲು.

ಆಳುವವರ ಹಕ್ಕು ಎಲ್ಲಿಂದ ಬಂತೆಂದು ಹೊರದೇಶಗಳು ಸಾಮಾನ್ಯವಾಗಿ ಇಷ್ಟು ಕೆದಕುವುದಿಲ್ಲ. ಕೆದಕಿದಾಗ ಬಿಕ್ಕಟ್ಟೇ ಆಗುತ್ತದೆ: 2019ರಲ್ಲಿ ವೆನೆಜುವೆಲಾದ ಅಂದಿನ ಅಧ್ಯಕ್ಷ ಮಡುರೊ ಅವರ ಆಯ್ಕೆಯನ್ನು ಒಪ್ಪದ 50ಕ್ಕೂ ಹೆಚ್ಚು ದೇಶಗಳು ಅವರ ಎದುರಾಳಿಗೆ ಮನ್ನಣೆ ಕೊಟ್ಟವು, ಭಾರತ ಕೊಡಲಿಲ್ಲ. ಗೌಡರ ವಿಷಯದಲ್ಲಿ ಢಾಕಾಕ್ಕೆ ಅಂಥ ಅನುಮಾನವಿರಲಿಲ್ಲ. 1996ರ ಡಿಸೆಂಬರ್ 12ರಂದು ಅವರೂ ಬಾಂಗ್ಲಾದೇಶದ ಅಂದಿನ ಪ್ರಧಾನಿ ಶೇಖ್ ಹಸೀನಾ ಅವರೂ ಗಂಗಾ ನೀರಿನ ಹಂಚಿಕೆಗೆ 30 ವರ್ಷಗಳ ಒಪ್ಪಂದ ಮಾಡಿಕೊಂಡರು. ನಾಲ್ಕೇ ತಿಂಗಳಲ್ಲಿ, 1997ರ ಏಪ್ರಿಲ್ 11ರಂದು, ಕಾಂಗ್ರೆಸ್ ಬೆಂಬಲ ಕಳೆದುಕೊಂಡ ಗೌಡರು ಲೋಕಸಭೆಯಲ್ಲಿ ವಿಶ್ವಾಸಮತ ಸೋತರು. ಒಪ್ಪಂದ ಮಾತ್ರ ಉಳಿಯಿತು. ಸಹಿಯ ಹೊಣೆ ಬೀಳುವುದು ದೇಶದ ಮೇಲೆ, ವ್ಯಕ್ತಿಯ ಮೇಲಲ್ಲ. ಒಂದು ವರ್ಷವೂ ಆಳದವರ ಸಹಿ ಒಂದು ತಲೆಮಾರನ್ನು ಕಟ್ಟಿಹಾಕುವುದಾದರೆ, ಅವರನ್ನು ಆರಿಸುವ ಕೋಣೆಯ ಬಾಗಿಲು ಮುಚ್ಚಿರುವುದು ಸಣ್ಣ ವಿಷಯವಲ್ಲ.

ಗೌಡರನ್ನು ಏರಿಸಿದಾಗಲೂ ಇಳಿಸಿದಾಗಲೂ ರಾಮನಗರದ ಮತದಾರರನ್ನು ಯಾರೂ ಕೇಳಲಿಲ್ಲ. ಅವರ ಸರದಿ ಬಂದದ್ದು 1998ರಲ್ಲಿ. ಎರಡು ವರ್ಷದ ಹಿಂದೆ ಗೌಡರ ಮಗ ಕುಮಾರಸ್ವಾಮಿಯವರನ್ನು ಗೆಲ್ಲಿಸಿದ್ದ, ರಾಮನಗರವೂ ಸೇರಿದ್ದ ಕನಕಪುರ ಲೋಕಸಭಾ ಕ್ಷೇತ್ರ ಆ ಸಲ ಅವರನ್ನು ಸೋಲಿಸಿತು.