ಗುರಿ ಕಂಡಿತು, ಎದುರಿಗಿದ್ದವರು ಯಾರು?

ಕತ್ತಲಲ್ಲೂ ಗುರಿ ಹಿಡಿಯೋಕೆ ಬರುವ ಹಾಗೆ ಬಂದೂಕನ್ನು ತಯಾರು ಮಾಡಿಟ್ಟುಕೊಂಡರೆ ನಾವು ಹೆಚ್ಚು ಜವಾಬ್ದಾರಿಯುತರಾದ ಹಾಗಾ? ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಓದುವವರಿಗೆ ಇದು ಸಂಬಂಧವಿಲ್ಲದ ಪ್ರಶ್ನೆ ಅನ್ನಿಸಬಹುದು. ಸ್ವಲ್ಪ ತಾಳಿ.

ನನ್ನ ಜೊತೆ ಬಿಇ ಓದಿದ ಗೆಳೆಯನೊಬ್ಬ ಟೆಕ್ಸಾಸ್‌ನಲ್ಲಿದ್ದಾನೆ. ಗ್ರೀನ್ ಕಾರ್ಡ್ ಬಂದ ಮೇಲೆ ಒಂದು ಗ್ಲಾಕ್ 19 ತಗೊಂಡ. ಸೊಂಟಕ್ಕೆ ಸಿಕ್ಕಿಸಿ ಮೇಲೆ ಅಂಗಿ ಬಿಟ್ಟರೆ ಹೊರಗೆ ಕಾಣದಷ್ಟು ಸಣ್ಣ ಪಿಸ್ತೂಲು. 2021ರ ಸೆಪ್ಟೆಂಬರ್‌ನಿಂದ ಆ ರಾಜ್ಯದಲ್ಲಿ, ಕಾನೂನುಬದ್ಧವಾಗಿ ಬಂದೂಕು ಹೊಂದಬಹುದಾದ 21 ದಾಟಿದವರಿಗೆ ಅದನ್ನು ಜೊತೆಗೆ ಒಯ್ಯೋಕೆ ಬೇರೆ ಪರವಾನಗಿಯೂ ಬೇಡ. ಈಚೆಗೆ ವಿಡಿಯೊ ಕಾಲ್‌ನಲ್ಲಿ ಅದಕ್ಕೆ ಹೊಸದಾಗಿ ಹಾಕಿಸಿದ ನೈಟ್ ಸೈಟ್ ತೋರಿಸಿದ.

ವಸ್ತು ಚೆನ್ನಾಗಿದೆ, ಸುಳ್ಳು ಹೇಳಬಾರದು. ಕಂಪನಿಯವರು ಕೊಟ್ಟ ಸಾದಾ ಗುರಿಗುಬುಟುಗಳನ್ನು ತೆಗೆದು ಅದೇ ಜಾಗಕ್ಕೆ ಹೊಸದನ್ನು ಕೂರಿಸುತ್ತಾರೆ. ಮುಂದೆ ಒಂದು ಹಸಿರು ಚುಕ್ಕಿ, ಹಿಂದೆ ಎರಡು. ಒಳಗಿರುವುದು ಸಣ್ಣ ಗಾಜಿನ ಕೊಳವೆಯಲ್ಲಿ ತುಂಬಿದ ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಹೈಡ್ರೋಜನ್. ಅದರಿಂದ ಹೊರಡುವ ಎಲೆಕ್ಟ್ರಾನುಗಳು ಕೊಳವೆಯ ಒಳಮೈಗೆ ಬಳಿದ ಪುಡಿಗೆ ತಾಗಿ ಹೊಳೆಯುತ್ತವೆ. ಬ್ಯಾಟರಿ ಬೇಡ, ಚಾರ್ಜ್ ಬೇಡ. ಟ್ರಿಟಿಯಂ ಅರ್ಧಕ್ಕಿಳಿಯೋಕೆ ಸುಮಾರು 12 ವರ್ಷ ಬೇಕು. ಮೂರು ಚುಕ್ಕಿ ಒಂದೇ ಸಾಲಿಗೆ ಬಂದರೆ ಪಿಸ್ತೂಲು ನೆಟ್ಟಗಿದೆ ಅಂತ ಅರ್ಥ.

ಆದರೆ ಗಮನಿಸಿ: ಆ ಚುಕ್ಕಿಗಳು ಹೊಳೆಯುವುದು ನಮ್ಮ ಕಡೆಗೆ. ಎದುರಿಗಿರುವುದರ ಮೇಲೆ ಅವು ಒಂದು ಚೂರೂ ಬೆಳಕು ಚೆಲ್ಲುವುದಿಲ್ಲ. ನನ್ನ ಬಂದೂಕು ಎಲ್ಲಿಗೆ ತಿರುಗಿದೆ ಅಂತ ನನಗೆ ಗೊತ್ತಾಗುತ್ತದೆ, ಅಲ್ಲಿರುವವರು ಯಾರು ಅಂತ ಗೊತ್ತಾಗುವುದಿಲ್ಲ.

ಇದನ್ನು ಹೇಳಿದ್ದಕ್ಕೆ ಗೆಳೆಯ ಕೊಟ್ಟ ಉತ್ತರ ತಳ್ಳಿಹಾಕುವಂಥದ್ದಲ್ಲ. "ಬಂದೂಕು ಹೇಗೂ ಇದೆ ಮಾರಾಯ. ಗುರಿ ತಪ್ಪಿ ಪಕ್ಕದ ಮನೆ ಗೋಡೆಗೆ ಬೀಳೋದಕ್ಕಿಂತ ಸರಿಯಾಗಿ ಬಿದ್ರೆ ಒಳ್ಳೇದಲ್ವಾ?" ನಿಜ. ಗುರಿ ಕೆಟ್ಟರೆ ಸಂಬಂಧವೇ ಇಲ್ಲದವರು ಸಾಯುತ್ತಾರೆ. ನನ್ನ ತಕರಾರು ಗುರಿಯ ಬಗ್ಗೆ ಅಲ್ಲ, ಗುರಿಗಿಂತ ಮೊದಲಿನ ಹೆಜ್ಜೆಯ ಬಗ್ಗೆ.

ಸಾಗರದ ಹತ್ತಿರ ವರದಾ ನದಿ ಹುಟ್ಟುವ ವರದಮೂಲದ ಆಚೀಚೆ ಊರುಗಳಲ್ಲಿ ಪಿಸ್ತೂಲು ಯಾರ ಹತ್ತಿರವೂ ನೋಡಿದವನಲ್ಲ. ಕೋವಿ ಗೊತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಬೆಳೆ ಕಾಯೋಕೆ ನಳಿಗೆಗೆ ಮದ್ದು ತುಂಬಿ ಹೊಡೆಯುವ ಕೋವಿಯ ಲೈಸೆನ್ಸ್ ವಿಚಾರ ಬರುತ್ತದೆ. ಲೈಸೆನ್ಸ್ ಇದ್ದ ಮಾತ್ರಕ್ಕೆ ಶಿಕಾರಿ ಮಾಡುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಆದರೂ ಹಂದಿ ಗದ್ದೆಗೆ ನುಗ್ಗುವುದು ರಾತ್ರಿಯೇ. ಮಾಳದಲ್ಲಿ ಕೂತವರ ನೈಟ್ ಸೈಟ್ ಅಂದರೆ ನಳಿಗೆಗೆ ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಬಿಗಿದ ಟಾರ್ಚು, ಇಲ್ಲವೇ ಹಣೆಗೆ ಕಟ್ಟಿದ ಬ್ಯಾಟ್ರಿ. ಟಾರ್ಚು ಎದುರಿನದನ್ನಾದರೂ ತೋರಿಸುತ್ತದೆ. ಹಾಗಂತ ಅದನ್ನೂ ಪೂರ್ತಿ ನಂಬೋ ಹಾಗಿಲ್ಲ. ಬೆಳಕು ಬಿಟ್ಟರೆ ಮೊದಲು ಹೊಳೆಯುವುದು ಕಣ್ಣು. ಕಾಡಿನ ಜಿಂಕೆಯದ್ದೂ ಹೊಳೆಯುತ್ತದೆ, ಕೊಟ್ಟಿಗೆ ತಪ್ಪಿಸಿಕೊಂಡ ದನದ್ದೂ ಹೊಳೆಯುತ್ತದೆ. ಮನುಷ್ಯರ ಕಣ್ಣು ಹಾಗೆ ಹೊಳೆಯುವುದೇ ಇಲ್ಲ. ಪೊದೆ ಅಲ್ಲಾಡಿತು ಅಂತ ಈಡು ಹೊಡೆದು ಜೊತೆಗೆ ಹೋದವನನ್ನೇ ಕೊಂದ ಸುದ್ದಿ ಮಲೆನಾಡಿನವರಿಗೆ ಹೊಸತಲ್ಲ. ಅದಕ್ಕೇ ತಿಳಿದವರು ಹೇಳುತ್ತಿದ್ದ ಮಾತು: "ಕಣ್ಣು ಕಂಡ್ರೆ ಸಾಲ್ದು ಮಾರಾಯ, ಮೈ ಕಾಣ್ಬೇಕು."

ಈ ಸಮಸ್ಯೆ ಬಂದೂಕಿಗಿಂತ ಹಳೆಯದು. ದಶರಥ ಸರಯೂ ದಂಡೆಯಲ್ಲಿ ಕತ್ತಲಲ್ಲಿ ಬಾಣ ಬಿಟ್ಟದ್ದು ಕೊಡದಲ್ಲಿ ನೀರು ತುಂಬುವ ಸದ್ದು ಕೇಳಿ. ಆನೆ ನೀರು ಕುಡೀತಿದೆ ಅಂದುಕೊಂಡ. ಶಬ್ದವೇಧಿ ವಿದ್ಯೆಯಲ್ಲಿ ಅವನು ಪಳಗಿದವನು, ಬಾಣ ಒಂದು ಅಂಗುಲವೂ ತಪ್ಪಲಿಲ್ಲ. ಸತ್ತವನು ಶ್ರವಣಕುಮಾರ. ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದು ಶಾಪದ ಕತೆಯಾಗಿ ನೆನಪಿದೆ. ನನಗೀಗ ಅದು ಕೌಶಲದ ಕತೆಯಾಗಿ ಕಾಣುತ್ತದೆ. ದಶರಥನ ಗುರಿ ಕೆಟ್ಟದಿದ್ದಿದ್ದರೆ ಹುಡುಗ ಬದುಕುತ್ತಿದ್ದ. ಕತ್ತಲಲ್ಲಿ ಹೊಡೆಯಬಲ್ಲೆ ಅನ್ನುವ ಧೈರ್ಯವೇ "ಯಾರದು?" ಅಂತ ಕೇಳುವ ಹೆಜ್ಜೆಯನ್ನು ನುಂಗಿಹಾಕಿತು.

ಕೇಳಿದರೆ ನಷ್ಟವಿದೆ, ನಿಜ. ಕೂಗಿದರೆ ಹಂದಿ ಓಡುತ್ತದೆ. ಮನೆಗೆ ನುಗ್ಗಿದವನು ಕಳ್ಳನೇ ಆಗಿದ್ದರೆ ನಾನೆಲ್ಲಿದ್ದೀನಿ ಅಂತ ಅವನಿಗೆ ಗೊತ್ತಾಗುತ್ತದೆ. ತೋಟದ ನಡುವಿನ ಒಂಟಿ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ಬಿಟ್ಟು ಬಂದ ನಮ್ಮಂಥವರಿಗೆ ಈ ಭಯ ತಮಾಷೆಯದ್ದಲ್ಲ. ಕಾನೂನೂ ರಾತ್ರಿಯ ಭಯವನ್ನು ಒಪ್ಪುತ್ತದೆ. ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಕನ್ನ ಹಾಕುವವನ ವಿರುದ್ಧ ರಕ್ಷಣೆಯ ಹಕ್ಕು ಸಾವಿನವರೆಗೂ ಹೋಗಬಹುದು ಅನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಂ. ಆದರೆ ಅದೇ ಸಂಹಿತೆಯ 37ನೇ ಕಲಂ, ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕಿಲ್ಲ ಅಂತಲೂ ಹೇಳುತ್ತದೆ. ಎಷ್ಟು ಬೇಕು ಅಂತ ಲೆಕ್ಕ ಹಾಕೋಕೆ ಎದುರಿಗಿರುವುದು ಯಾರು ಅಂತ ಮೊದಲು ತಿಳಿಯಬೇಕಲ್ಲ?

ಸಾಫ್ಟ್‌ವೇರ್‌ನವರಿಗೆ ಇದು ಗೊತ್ತಿರುವ ಲೆಕ್ಕ. ಮೋಸದ ವ್ಯವಹಾರ ಹಿಡಿಯುವ ಸಿಸ್ಟಮ್ ಬರೆಯುವಾಗ ತಪ್ಪು ಎರಡು ಥರ: ಕಳ್ಳನನ್ನು ಬಿಟ್ಟುಬಿಡುವುದು, ಸಾಚಾ ಗ್ರಾಹಕನನ್ನು ಕಳ್ಳ ಅನ್ನುವುದು. ಒಂದನ್ನು ಬಿಗಿ ಮಾಡಿದರೆ ಸಾಮಾನ್ಯವಾಗಿ ಇನ್ನೊಂದು ಹೆಚ್ಚುತ್ತದೆ. ಅಲ್ಲಿ ತಪ್ಪಾದರೆ ಕಾರ್ಡ್ ಬ್ಲಾಕ್ ಆಗುತ್ತದೆ, ಫೋನ್ ಮಾಡಿ ಬಿಡಿಸಿಕೊಳ್ಳಬಹುದು. ಈಡು ಹಾರಿದ ಮೇಲೆ ಬಿಡಿಸಿಕೊಳ್ಳೋದೇನಿದೆ?

ಹಾಗಾಗಿ ನಿಜವಾದ ಪ್ರಶ್ನೆ, ಗೊತ್ತಿಲ್ಲದಿರುವಿಕೆಯ ಅಪಾಯವನ್ನು ಯಾರು ಹೊರಬೇಕು ಅನ್ನುವುದು. ಬಂದೂಕು ಹಿಡಿದವನಾ, ಕತ್ತಲಲ್ಲಿ ನಿಂತವನಾ? ಟಾರ್ಚು ಹಾಕಿ, ಕೂಗಿ ಕೇಳುವವನು ಆ ಅಪಾಯದ ಒಂದು ಪಾಲನ್ನು ತನ್ನ ಮೇಲೆ ಎಳೆದುಕೊಳ್ಳುತ್ತಾನೆ. ಕೇಳದೆ ಹೊಡೆಯುವವನು ಪೂರ್ತಿಯಾಗಿ ಎದುರಿನವನ ಮೇಲೆ ಹಾಕುತ್ತಾನೆ. ಎದುರಿನವನು ಕಳ್ಳ ಇರಬಹುದು, ಹಿತ್ತಿಲಿಗೆ ಹೋಗಿ ಬಂದ ಮನೆಯವರೂ ಇರಬಹುದು. ಆಯುಧ ಹಿಡಿಯುವುದು ನಾನೇ ಮಾಡಿಕೊಂಡ ಆಯ್ಕೆ, ಅವನಿಗೆ ಅದರಲ್ಲಿ ಮಾತಿರಲಿಲ್ಲ. ಆದ್ದರಿಂದ ಕಾಯುವ, ಕೇಳುವ, ಬೆಳಕು ಬಿಡುವ ಕಷ್ಟ ನನ್ನದೇ ಆಗಬೇಕು ಅಂತ ನನಗನ್ನಿಸುತ್ತದೆ.

ಗೆಳೆಯನಿಗೆ ನೈಟ್ ಸೈಟ್ ತೆಗೆಸು ಅಂತ ನಾನು ಹೇಳಲಿಲ್ಲ. ಒಂದು ಒಳ್ಳೆ ಟಾರ್ಚನ್ನೂ ತಗೋ, ಎಡಗೈಯಲ್ಲಿ ಹಿಡಿಯೋದು ಅಭ್ಯಾಸ ಮಾಡು, ಮೊದಲು ಅದನ್ನು ಹಾಕು ಅಂದೆ. ಅವನಿನ್ನೂ ಒಪ್ಪಿಲ್ಲ. ಬೆಳಕು ಹಾಕಿದವನ ಜಾಗ ಎದುರಿನವನಿಗೆ ಗೊತ್ತಾಗುತ್ತದೆ ಅನ್ನುತ್ತಾನೆ. ಗೊತ್ತಾಗುತ್ತದೆ, ಹೌದು. ಆಯುಧ ಹಿಡಿದವನು ಅಷ್ಟನ್ನಾದರೂ ಕೊಡಬೇಕು.