ರೇಣುಕೆ ಮರೆತದ್ದು, ನಾವು ಮರೆಯದ್ದು

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ಕಡೆ ಮಾವುಲಿ ದೇವಿಯ ಗುಡಿಯಿದೆ. ಮಾವುಲಿ ಎಂದರೆ ಮರಾಠಿಯಲ್ಲಿ ತಾಯಿ. ಅದೇ ಹೊಳೆ ಹರಿದು ಸವದತ್ತಿ ಸೀಮೆ ಮುಟ್ಟಿದರೆ ಅಲ್ಲಿ ಎಲ್ಲಮ್ಮ. ಗಂಡನ ಆಜ್ಞೆಗೆ, ಮಗನ ಕೊಡಲಿಗೆ ತಲೆಕೊಟ್ಟ ರೇಣುಕೆ ಆಕೆಯೇ. ಮಹಾಭಾರತದ ವನಪರ್ವದಲ್ಲಿ ಆ ಮಗ ಪರಶುರಾಮ ತಂದೆಯ ಬಳಿ ವರವಾಗಿ ತಾಯಿಯ ಜೀವವನ್ನಷ್ಟೇ ಬೇಡುವುದಿಲ್ಲ, ಕೊಂದದ್ದರ ನೆನಪೂ ಉಳಿಯದಿರಲಿ ಎನ್ನುತ್ತಾನೆ. ಮರಳಿ ತಾಯಿಯಾಗಲು ಜೀವ ಬಂದರೆ ಸಾಲದು, ಶಿಕ್ಷೆಯ ನೆನಪೂ ಅಳಿಯಬೇಕು ಎಂಬ ಈ ತಿಳಿವಳಿಕೆಯನ್ನು ಜೈಲಿನಿಂದ ಹೊರಬಂದ ತಾಯಂದಿರ ವಿಷಯದಲ್ಲಿ ನಾವು ಪಾಲಿಸುತ್ತಿಲ್ಲ.

ಗೋಡೆಯೊಳಗೂ ತಾಯ್ತನ ಉಳಿಯುತ್ತದೆ ಎಂಬುದನ್ನು ನಮ್ಮ ಕಾನೂನು ಒಪ್ಪಿದೆ. ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಂತೆ ಮಗು 6 ವರ್ಷದವರೆಗೆ ತಾಯಿಯ ಜೊತೆ ಸೆರೆಮನೆಯಲ್ಲಿರಬಹುದು. ಆಮೇಲೆ ಆಕೆಯ ಇಚ್ಛೆಯಂತೆ ಬಂಧುಗಳ ಕೈಗೋ, ಸರ್ಕಾರದ ಆಶ್ರಯಕ್ಕೋ ಹೋಗಬೇಕು. ಅಮೆರಿಕದಲ್ಲಿ ಸೆರೆಯಾದ ತಾಯಿಯ ಪಾಡು ಇನ್ನೂ ಕಠಿಣ. ಅಲ್ಲಿ 1997ರ ಕಾನೂನಿನ ಪ್ರಕಾರ, ಮಗು 22 ತಿಂಗಳಲ್ಲಿ 15 ತಿಂಗಳು ಸಾಕುಮನೆಯಲ್ಲಿದ್ದರೆ, ಕೆಲವು ವಿನಾಯಿತಿ ಬಿಟ್ಟು, ಹೆತ್ತವರ ಹಕ್ಕು ರದ್ದುಮಾಡಲು ಸರ್ಕಾರ ಅರ್ಜಿ ಹಾಕಬೇಕು. ಹೀಗಾಗಿ ಅಲ್ಲಿ ಬಿಳಿಯರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಸೆರೆಗೆ ಹೋಗುವ ಕಪ್ಪು ಹೆಂಗಸರಿಗೆ ಅವಧಿ ಮುಗಿದರೂ ಮಗು ಸಿಗದೆ ಹೋಗಬಹುದು. ನಮ್ಮಲ್ಲಿ ಅಂಥ ಕಾನೂನು ಬೇಕಾಗಿಲ್ಲ, ‘ಜೈಲಿಗೆ ಹೋಗಿ ಬಂದಾಕಿ’ ಎಂಬ ಒಂದು ಮಾತು ಸಾಕು.

ಮಾಡಿದ ಕರ್ಮ ಉಣ್ಣಲೇಬೇಕಲ್ಲ ಎನ್ನುವವರಿದ್ದಾರೆ. ನಿಜ, ಆದರೆ ಉಂಡ ಕರ್ಮ ತೀರುತ್ತದೆ ಎಂಬುದೂ ಅದೇ ಸಿದ್ಧಾಂತದ ಮಾತು. ತೀರಿದ್ದನ್ನು ಮತ್ತೆ ವಸೂಲಿ ಮಾಡುವುದು ಧರ್ಮವಲ್ಲ, ಬಡ್ಡಿ ವ್ಯವಹಾರ. ಮಗುವಿನ ಕ್ಷೇಮ ಮುಖ್ಯವಲ್ಲವೇ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಮಗುವನ್ನೇ ಹಿಂಸಿಸಿದ ತಾಯಿಯ ಬಳಿಗೆ ಅದನ್ನು ಕಣ್ಣುಮುಚ್ಚಿ ಕಳಿಸಲಾಗದು. ಆದರೆ ಕಳಿಸಬೇಕೇ ಬೇಡವೇ ಎಂಬುದನ್ನು ಆಕೆಯ ಇಂದಿನ ನಡತೆ ನೋಡಿ ನಿರ್ಧರಿಸಬೇಕೇ ಹೊರತು ಹಳೆಯ ಕೈದಿ ನಂಬರಿನಿಂದಲ್ಲ. ರೇಣುಕೆಯ ಮರೆವು ಆಕೆಗಾದ ಅನ್ಯಾಯವನ್ನೇ ಮುಚ್ಚಿತಲ್ಲ ಎಂದರೆ, ಆ ಮಾತನ್ನು ಒಪ್ಪಲೇಬೇಕು. ಹಾಗಾಗಿ ವರವನ್ನು ತಿರುಗಿಸಿ ಬೇಡಬೇಕು: ನೆನಪಿಡುವುದೂ ಮರೆಯುವುದೂ ಆ ತಾಯಿಗೆ ಬಿಟ್ಟದ್ದು, ಮರೆಯುವ ಹೊಣೆ ಶಿಕ್ಷೆ ಕೊಟ್ಟ ನಮ್ಮದು. ಗುಡ್ಡದ ಮೇಲೆ ಎಲ್ಲಮ್ಮನಿಗೆ ಉಧೋ ಎನ್ನುವ ಊರು ಅವಧಿ ಮುಗಿಸಿ ಬಂದವಳನ್ನು ಇಂಥವರ ಅವ್ವ ಎಂದು ಕರೆಯಲು ಹಿಂಜರಿದರೆ, ನಾವು ಪೂಜಿಸುತ್ತಿರುವುದು ತಾಯಿಯನ್ನಲ್ಲ, ಕಡಿದ ತಲೆಯನ್ನು.