ನಮ್ಮದಲ್ಲದ ಮನೆ
ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮನೆ ತಮ್ಮದು, ಮುಂದೆ ಮಕ್ಕಳದು. 1940ರ ದಶಕದಲ್ಲಿ ಬ್ರಿಟಿಷ್ ಸರಕಾರ ನೌಕರರಿಗಾಗಿ ಕಟ್ಟಿಸಿದ ಲೋಧಿ ಕಾಲೋನಿಯ ಕ್ವಾರ್ಟರ್ಸುಗಳಲ್ಲಿ ನಾವು ನಿವೃತ್ತಿಯವರೆಗಿನ ಬಿಡಾರದವರು. ರಿಪೇರಿ ಸಿ.ಪಿ.ಡಬ್ಲ್ಯು.ಡಿ.ಯವರದೆಂಬ ಸಮಾಧಾನ ಬೇರೆ.

ಹೋದ ವರ್ಷ ನಮ್ಮ ಮೇಲ್ಮನೆಯ ವರಾಂಡದಲ್ಲಿ ನೀರು ಹೋಗುವ ಕಿಂಡಿಗೆ ಬೇವಿನೆಲೆ ಕಟ್ಟಿತ್ತು. 'ಅದು ನನ್ನ ಕೆಲಸವೇ?' ಎಂದು ಸುಮ್ಮನಿದ್ದೆ. ಜೂನ್ ಕೊನೆಯ ಮಳೆಗೆ ನಿಂತ ನೀರು ಇಳಿದು ಕೆಳಮನೆಯ ಅಜ್ಜಿಯ ಹಾಸಿಗೆ ನೆನೆಯಿತು, ನನ್ನದು ಬೆಚ್ಚಗಿತ್ತು. ಆಕೆ ದೂರಲಿಲ್ಲ, ಅದೇ ನನ್ನನ್ನು ಚುಚ್ಚಿದ್ದು.

ಒಡೆತನವಿದ್ದಲ್ಲಿ ಮಾತ್ರ ಹೊಣೆ ಎನ್ನುವುದಾದರೆ, ಪರರ ಮನೆಯಲ್ಲೇ ಬಾಳು ಕಳೆಯುವ ನಮ್ಮಂಥವರಿಗೆ ಹೊಣೆಯೇ ಇಲ್ಲವೆಂದಾಯಿತು! ಮನೆ ಸರಕಾರದ್ದಿರಬಹುದು, ನೆರೆಹೊರೆ ನಮ್ಮದೇ. ಈ ಸಲ ಜೂನ್ ಮಧ್ಯದಲ್ಲೇ ಕಡ್ಡಿ ಹಿಡಿದು ಕಿಂಡಿ ಬಿಡಿಸಿದೆ. ಹತ್ತು ನಿಮಿಷದ ಕೆಲಸ.